ಬಿಳಿ ಬಣ್ಣದ ಮೇಲೆ ಕಂದು ಚುಕ್ಕೆ, ತುಕ್ಕೇ?

ಪ್ರಶ್ನೆ: ಹೊಸ ಸ್ಪೋರ್ಟ್ಸ್ ಕಾರು, ಮೂರೇ ತಿಂಗಳು. ಹಿಂದಿನ ಚಕ್ರದ ಸುತ್ತ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳು, ಬಾನೆಟ್ ಅಂಚಿನಲ್ಲಿ ಕಲ್ಲೇಟಿನ ಗುರುತು. ಪಾಲಿಶ್ ಹಾಕಿಸಲೇ?

ಉತ್ತರ 1: ಈಗಲೇ ಬೇಡ. ಚುಕ್ಕೆಗಳು ಬಹುಪಾಲು ಬ್ರೇಕಿನಿಂದ ಹಾರಿದ ಕಬ್ಬಿಣದ ಪುಡಿ. ತುಕ್ಕು ಹಿಡಿದಿರುವುದು ಪುಡಿಗೆ, ಬಾಡಿಗಲ್ಲ. ಕಾರು ತೊಳೆದು, ನೆರಳಲ್ಲಿ ಐರನ್ ರಿಮೂವರ್ (ಕಬ್ಬಿಣದ ಪುಡಿ ಕರಗಿಸುವ ದ್ರವ) ಸಿಂಪಡಿಸಿ. ದ್ರವ ನೇರಳೆಯಾಗಿ ಇಳಿದರೆ ಅದು ಕಬ್ಬಿಣದ ಪುಡಿಯೇ. ಒಣಗಲು ಬಿಡಬೇಡಿ. ಉಳಿದದ್ದಕ್ಕೆ ಕ್ಲೇ ಬಾರ್ (ಅಂಟಿದ ಕೊಳೆ ಎತ್ತುವ ಜೇಡಿಯಂಥ ಮೆತ್ತನೆ ಉಂಡೆ), ಸೋಪುನೀರು ಹಚ್ಚಿ, ಒತ್ತದೆ ಉಜ್ಜಿ.

ಉತ್ತರ 2: ನಿಜವಾದ ಚಿಂತೆ ಕಲ್ಲೇಟಿನದು. ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಸಾಮಾನ್ಯವಾಗಿ 40–50 ಮೈಕ್ರಾನ್, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟೇ. ಬಾನೆಟ್ ಅಲ್ಯೂಮಿನಿಯಂ ಆಗಿದ್ದರೆ ಕೆಂಪು ತುಕ್ಕು ಬರದು, ಆದರೆ ಬಣ್ಣದಡಿ ಬಿಳಿ ಪುಡಿ ಉಬ್ಬುತ್ತದೆ. ಲೋಹ ಕಂಡಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಕಡ್ಡಿತುದಿಯಲ್ಲಿ ಪ್ರೈಮರ್ (ಬಣ್ಣ ಹಿಡಿಯಲು ಹಚ್ಚುವ ಅಡಿಪದರ), ಒಣಗಿದ ಮೇಲೆ ಬಣ್ಣ, ಕೊನೆಗೆ ಕ್ಲಿಯರ್.

ಉತ್ತರ 3: ಬಣ್ಣ ಕಾಯುವ ಪಾರದರ್ಶಕ ಫಿಲ್ಮ್ ಹಾಕಿಸುವುದಿದ್ದರೆ ಆ ಬಣ್ಣದ ತೇಪೆ ಪೂರ್ತಿ ಗಟ್ಟಿಯಾದ ಮೇಲೆಯೇ. ಇಲ್ಲದಿದ್ದರೆ ಫಿಲ್ಮ್ ತೆಗೆಯುವಾಗ ಬಣ್ಣವೂ ಕಿತ್ತು ಬರಬಹುದು.