ಪದಚರ್ಚೆ: ತಲೆಸುತ್ತು, ವಾಕರಿಕೆ, ಬವಳಿ – ಗಗನಯಾತ್ರಿಗಳ ಪಾಠದಲ್ಲಿ ಯಾವುದು ಎಲ್ಲಿ?

ಪ್ರಶ್ನೆ, ವಿಜಯಪುರದಿಂದ:

ಬಳಗದವರಿಗೆ ನಮಸ್ಕಾರ. ಗಗನಯಾತ್ರಿಗಳ ತರಬೇತಿ ಕುರಿತ ಒಂದು ಕಿರುಹೊತ್ತಿಗೆ ಪ್ರೌಢಶಾಲೆ ಮಕ್ಕಳಿಗಾಗಿ ಕನ್ನಡಕ್ಕೆ ಬರುತ್ತಿದೆ. ಕರಡಿನಲ್ಲಿ ನಾಲ್ಕು ಕಡೆ ಒಂದೇ ಪದ ಬಂದು ಕೂತಿದೆ:

“ಸೆಂಟ್ರಿಫ್ಯೂಜಿನ ವೇಗ ಏರಿದಂತೆ ತಲೆಸುತ್ತು ಬರುತ್ತದೆ.” (ಉದ್ದ ತೋಳಿನ ತುದಿಯಲ್ಲಿ ಕೂರಿಸಿ ಜೋರಾಗಿ ಸುತ್ತಿಸುವ ತರಬೇತಿ ಯಂತ್ರ ಇದು.)
“ಕಕ್ಷೆ ಸೇರಿದ ಮೊದಲ ಎರಡು ಮೂರು ದಿನ ತಲೆಸುತ್ತು ಕಾಡುತ್ತದೆ.”
“ಭೂಮಿಗೆ ಇಳಿದು ಎದ್ದು ನಿಂತರೆ ತಲೆಸುತ್ತು ಬಂದು ಬೀಳಬಹುದು.”
“ಇಳಿದ ಮೇಲೆ ಕೆಲವು ದಿನ ತಲೆ ಬಗ್ಗಿಸಿದರೆ ತಲೆಸುತ್ತು.”

ಮೂಲದಲ್ಲಿ ನಾಲ್ಕಕ್ಕೂ ಬೇರೆ ಬೇರೆ ಪದಗಳಿವೆ. ನಮ್ಮ ಭಾಗದ ಮಾತಿನಲ್ಲಿ ವಾಕರಿಕೆ, ಬವಳಿ, ಜೋಲಿ, ಚಕ್ಕರ್, ಕಣ್ಣಿಗೆ ಕತ್ತಲೆ ಎಲ್ಲ ಇವೆ. ಇವನ್ನು ಹಂಚಿ ಹಾಕಿದರೆ ಶರೀರದಲ್ಲಿ ಆಗುವುದಕ್ಕೆ ಸರಿಹೊಂದುತ್ತವೆಯೇ? ವೈದ್ಯರು ತಿಳಿಸಬೇಕು.

ಉತ್ತರ, ಬಾಗಲಕೋಟೆಯಿಂದ (ಕಿವಿ, ಮೂಗು, ಗಂಟಲು ವಿಭಾಗ):

ಹೊಂದುತ್ತವೆ, ಚಕ್ಕರ್ ಒಂದನ್ನು ಬಿಟ್ಟು. “ಚಕ್ಕರ್ ಬಂತ್ರೀ” ಎಂದು ಬಂದವರನ್ನು ಮೊದಲು ಕೇಳಬೇಕಾದ ಪ್ರಶ್ನೆಯೇ ಇದು: “ಮನಿ ತಿರಗಿಧಂಗ ಆಗತದೋ, ಕಣ್ಣಿಗೆ ಕತ್ತಲಿ ಬರತದೋ, ನಡಿಯೂವಾಗ ಜೋಲಿ ಹೋಗತದೋ?” ಮೊದಲನೆಯದು ಒಳಕಿವಿಯ ಕಡೆ ಕೈ ತೋರಿಸುತ್ತದೆ, ಎರಡನೆಯದು ರಕ್ತದೊತ್ತಡದ ಕಡೆ. ಚಕ್ಕರ್ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತದೆ. ತಲೆಸುತ್ತು ಕೂಡ ಅಷ್ಟೇ.

ನಿಮ್ಮ ಎರಡನೆಯ ವಾಕ್ಯಕ್ಕೆ ವಾಕರಿಕೆ ಬೇಕು. ಒಳಕಿವಿಯಲ್ಲಿ ಸುಣ್ಣದ ಅಂಶದ ಅತಿ ಸಣ್ಣ ಹರಳುಗಳಿವೆ. ತಲೆ ವಾಲಿದಾಗ ಅವು ತಮ್ಮ ಭಾರದಿಂದ ಸರಿದು, ಕೆಳಗೆ ಎಂದರೆ ಯಾವ ಕಡೆ ಎಂದು ಮಿದುಳಿಗೆ ಹೇಳುತ್ತವೆ. ಕಕ್ಷೆಯಲ್ಲಿ ಅವುಗಳಿಗೆ ತೂಕವೇ ಇಲ್ಲ. ಕಣ್ಣು ಒಂದು ಹೇಳುತ್ತದೆ, ಕಿವಿ ಸುಮ್ಮನಿರುತ್ತದೆ, ಹೊಟ್ಟೆ ತೊಳಸುತ್ತದೆ. ಹೋದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಇದು ಬರುತ್ತದೆ, ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಬಸ್ಸಿನಲ್ಲಿ ವಾಂತಿ ಮಾಡದವರಿಗೆ ಮೇಲೂ ಬರುವುದಿಲ್ಲ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಯುದ್ಧವಿಮಾನದಲ್ಲಿ ಪಳಗಿದವರೂ ಕಕ್ಕುತ್ತಾರೆ. ಎಷ್ಟೋ ಸಲ ಮುನ್ಸೂಚನೆಯೇ ಇಲ್ಲದೆ ವಾಂತಿ ನುಗ್ಗುತ್ತದೆ. 1969ರ ಮಾರ್ಚಿನಲ್ಲಿ ಅಪೊಲೊ 9ರ ರಸ್ಟಿ ಶ್ವೈಕಾರ್ಟ್ ಅವರಿಗೆ ಹೀಗಾಗಿ ನೌಕೆಯಿಂದ ಆಚೆ ಬರುವ ಹೊರನಡಿಗೆಯನ್ನು ಮೊಟಕು ಮಾಡಬೇಕಾಯಿತು. ಹೆಲ್ಮೆಟ್ಟಿನೊಳಗೆ ವಾಂತಿಯಾದರೆ ಅದು ಕೆಳಗೆ ಬೀಳುವುದಿಲ್ಲ, ಮೂಗು ಬಾಯಿಯ ಸುತ್ತಲೇ ತೇಲುತ್ತದೆ, ಉಸಿರಿನೊಂದಿಗೆ ಒಳಗೆ ಹೋಗುತ್ತದೆ. ಮೊದಲ ದಿನಗಳಲ್ಲಿ ಹೊರನಡಿಗೆ ಇಟ್ಟುಕೊಳ್ಳದಿರುವುದಕ್ಕೆ ಕಾರಣ ಇದೇ. ಈ ಅಪಾಯ “ತಲೆಸುತ್ತು” ಎಂದರೆ ಓದುವವರಿಗೆ ತಟ್ಟುವುದೇ ಇಲ್ಲ.

ಇದಕ್ಕೆ ತರಬೇತಿ ತಿರುಗುವ ಕುರ್ಚಿಯಲ್ಲಿ. ವಿಜಯಪುರದವರಾದ ನಿಮಗೆ ಸಿದ್ಧೇಶ್ವರ ಜಾತ್ರೆಯಲ್ಲಿ ಬುಗುರಿಯಂತೆ ಗಿರಗಿರ ತಿರುಗುವ ಕುದುರೆಯಾಟ ಗೊತ್ತೇ ಇದೆ. ಅದರಲ್ಲಿ ಕೂತು ಕಣ್ಣು ಮುಚ್ಚಿ ತಲೆಯನ್ನು ಎಡಕ್ಕೆ, ಬಲಕ್ಕೆ, ಮುಂದಕ್ಕೆ ಬಗ್ಗಿಸುತ್ತ ಹೋದರೆ ಹೇಗಿರುತ್ತದೋ ಹಾಗೆ. ಬರೀ ತಿರುಗಿದರೆ ಅಷ್ಟು ತೊಂದರೆಯಿಲ್ಲ, ತಿರುಗುವಾಗ ತಲೆ ವಾಲಿಸಿದಾಗಲೇ ಒಳಕಿವಿ ಗೊಂದಲಕ್ಕೆ ಬೀಳುವುದು. ವಿಮಾನವನ್ನು ಕಮಾನಿನಂತೆ ಏರಿಸಿ ಇಳಿಸಿ ಒಂದೊಂದು ಸಲಕ್ಕೆ 20ರಿಂದ 25 ಸೆಕೆಂಡು ತೂಕವಿಲ್ಲದ ಸ್ಥಿತಿ ತೋರಿಸುವ ಅಭ್ಯಾಸವೂ ಇದೆ. ಮೇಲೆ ಹೋದ ಮೇಲೆ ಕೊಡುವ ಸಲಹೆ ಸರಳ: ತಲೆಯನ್ನು ನಿಧಾನ ತಿರುಗಿಸಿ, ಒಂದು ಗೋಡೆಯನ್ನು ನೆಲವೆಂದು ಮನಸ್ಸಿನಲ್ಲಿ ಗೊತ್ತುಮಾಡಿಕೊಳ್ಳಿ, ತಲೆಕೆಳಗಾಗಿ ತೇಲುತ್ತಿರುವ ಜೊತೆಗಾರರನ್ನು ದಿಟ್ಟಿಸಬೇಡಿ. ತೀರಾ ಹೆಚ್ಚಾದರೆ ಪ್ರೊಮೆಥಜೀನ್ ಚುಚ್ಚುಮದ್ದು. ಅದಕ್ಕೆ ನಿದ್ದೆ ತರುವ ಗುಣವಿದೆ, ಅದನ್ನು ನೋಡಿಕೊಂಡೇ ಕೆಲಸ ಹಂಚಬೇಕು.

ನಾಲ್ಕನೆಯ ವಾಕ್ಯಕ್ಕೆ “ತಲೆ ತಿರುಗುವುದು”. ಮರಳಿ ತೂಕ ಬಂದ ಹರಳುಗಳ ಮಾತನ್ನು ಮಿದುಳು ಈಗ ಅಳತೆ ಮೀರಿ ಕೇಳಿಸಿಕೊಳ್ಳುತ್ತದೆ. ಬೂಟಿನ ಲೇಸು ಕಟ್ಟಲು ಬಗ್ಗಿದರೆ ಪಲ್ಟಿ ಹೊಡೆದಂತೆ ಅನಿಸುತ್ತದೆ. ನಡೆಯುವಾಗ ಮೂಲೆಯಲ್ಲಿ ತಿರುಗಿದರೆ ಜೋಲಿ ಹೋಗುತ್ತದೆ. ಜೋಲಿಯನ್ನು ನಡಿಗೆಗೆ ಮಾತ್ರ ಇಟ್ಟುಕೊಳ್ಳಿ, ದಕ್ಷಿಣದವರಿಗೆ ಬೇಕೆಂದರೆ “ಆಯ ತಪ್ಪುವುದು” ಎನ್ನಿ. ಇದು ಇಳಿಯುವ ತನಕ ಕಾರು ಓಡಿಸಲು ಬಿಡುವುದಿಲ್ಲ.

ಉಳಿದ ಎರಡು ರಕ್ತದ ಸಮಾಚಾರ. ಒಂದಕ್ಕೆ ಬವಳಿ, ಇನ್ನೊಂದಕ್ಕೂ ಬವಳಿಯೇ ಸಾಕು ಅನಿಸುತ್ತದೆ.

ಉತ್ತರ, ಬೆಳಗಾವಿಯಿಂದ (ವೈಮಾನಿಕ ವೈದ್ಯಕೀಯ):

ಡಾಕ್ಟರ್ ಸಾಹೇಬರ ಕೊನೆಯ ಸಾಲು ಒಪ್ಪಲಾರೆ. ಸೆಂಟ್ರಿಫ್ಯೂಜಿನದು ಬವಳಿ ಅಲ್ಲ, “ಕಣ್ಣಿಗೆ ಕತ್ತಲೆ”. ನೆಟ್ಟಗೆ ಕೂತವರಿಗೆ ತಲೆಯಿಂದ ಕಾಲಿನ ಕಡೆ ಜಿ (ಭೂಮಿಯ ಮೇಲಿನ ತೂಕದ ಎಷ್ಟು ಪಟ್ಟು ಎಂಬ ಅಳತೆ) ಏರಿದಾಗ ರಕ್ತ ಕೆಳಗೆ ಇಳಿಯುತ್ತದೆ. ಕಣ್ಣುಗುಡ್ಡೆಯೊಳಗೆ ತನ್ನದೇ ಒತ್ತಡ ಇರುವುದರಿಂದ, ಮಿದುಳಿಗೆ ರಕ್ತ ಕಡಿಮೆಯಾಗುವ ಮೊದಲೇ ಕಣ್ಣಿನ ಹಿಂಬದಿಯ ಅಕ್ಷಿಪಟಲಕ್ಕೆ (ರೆಟಿನಾ) ಕಡಿಮೆಯಾಗುತ್ತದೆ. ಅಂಚಿನ ನೋಟ ಹೋಗುತ್ತದೆ, ಬಣ್ಣ ಮಾಸುತ್ತದೆ, ಆಮೇಲೆ ಪೂರ್ತಿ ಕತ್ತಲೆ. ಆಗಲೂ ಎಚ್ಚರ ಇರುತ್ತದೆ, ಕೂಗಿದರೆ ಕೇಳಿಸುತ್ತದೆ. ಇನ್ನೂ ಏರಿದರೆ ಎಚ್ಚರ ತಪ್ಪುತ್ತದೆ. ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಂಥ ಕಡೆ ಸೆಂಟ್ರಿಫ್ಯೂಜಿನಲ್ಲಿ ಕಲಿಸುವುದು ಈ ಹಂತಗಳನ್ನು ಗುರುತಿಸುವುದನ್ನೇ. ಇಲ್ಲಿ ಬವಳಿ ಎಂದು ಬರೆದರೆ ಹಂತಗಳು ಕಲಸಿಹೋಗುತ್ತವೆ.

ಆದರೆ ನಿಮ್ಮ ಮೊದಲ ವಾಕ್ಯದಲ್ಲಿ ಪದಕ್ಕಿಂತ ದೊಡ್ಡ ತೊಡಕು ಇದೆ. ಗಗನಯಾತ್ರಿಗಳು ಬೆನ್ನ ಮೇಲೆ ಮಲಗಿ, ಮೊಣಕಾಲು ಮಡಚಿ ಹೋಗುತ್ತಾರೆ. ಭಾರ ಎದೆಯಿಂದ ಬೆನ್ನಿನ ಕಡೆ ಬೀಳುತ್ತದೆ, ಆದ್ದರಿಂದ ಅವರಿಗೆ ಮೊದಲು ಕಷ್ಟವಾಗುವುದು ಉಸಿರು, ಕಣ್ಣಲ್ಲ. ರಷ್ಯದ ಸೋಯುಜ್ ನೌಕೆ ಮಾಮೂಲಿಯಾಗಿ ಇಳಿದರೆ ಸುಮಾರು 4 ಜಿ. ದಿಕ್ಕಿನ ಹಿಡಿತ ತಪ್ಪಿ ಕಲ್ಲು ಬಿದ್ದಂತೆ ಬಿದ್ದರೆ ದುಪ್ಪಟ್ಟು. 2008ರ ಏಪ್ರಿಲಿನಲ್ಲಿ ಸೋಯುಜ್ ಟಿಎಂಎ-11 ಹಾಗೆ ಇಳಿದಾಗ 8 ಜಿ ದಾಟಿತ್ತು. 60 ಕಿಲೊ ತೂಕದವರು ಆ ಹೊತ್ತಿಗೆ 480 ಕಿಲೊ. ಎದೆ ಪೂರ್ತಿ ಬರಿದಾಗುವಂತೆ ಉಸಿರು ಬಿಟ್ಟರೆ ಮತ್ತೆ ಎತ್ತಲು ಆಗುವುದಿಲ್ಲ. ಎದೆ ತುಂಬಿಟ್ಟುಕೊಂಡು ಹೊಟ್ಟೆಯಿಂದ ಚಿಕ್ಕ ಚಿಕ್ಕ ಉಸಿರು ತೆಗೆಯುವುದನ್ನು ರೂಢಿ ಮಾಡಿಸುತ್ತಾರೆ. ಭಾರತದ ಗಗನಯಾನ ಯೋಜನೆಗೆ ಆಯ್ಕೆಯಾದ ನಾಲ್ವರೂ ವಾಯುಪಡೆಯ ಪೈಲಟ್‌ಗಳು. ಯುದ್ಧವಿಮಾನದಲ್ಲಿ ಕೂತು ಕಾಲು ಹೊಟ್ಟೆ ಬಿಗಿಹಿಡಿದು ಕಲಿತ ರೂಢಿಯ ಮೇಲೆ ಈ ಬೇರೆ ಉಸಿರಾಟವನ್ನು ಕೂಡಿಸಿಕೊಳ್ಳಬೇಕು. ಹಾಗಾಗಿ ಆ ವಾಕ್ಯವನ್ನೇ ಬದಲಿಸಿ: “ಸೆಂಟ್ರಿಫ್ಯೂಜಿನ ವೇಗ ಏರಿದಂತೆ ಕೂತವರಿಗೆ ಕಣ್ಣಿಗೆ ಕತ್ತಲೆ ಬರುತ್ತದೆ, ಮಲಗಿದವರಿಗೆ ಉಸಿರು ಭಾರವಾಗುತ್ತದೆ.”

ಬವಳಿ ಮೂರನೆಯ ವಾಕ್ಯಕ್ಕೆ ಅಚ್ಚುಕಟ್ಟು. “ಬವಳಿ ಬಂದು ಬಿದ್ದ” ಎಂದಾಗ ನಿಂತವರು ಕುಸಿದ ಚಿತ್ರವೇ ಬರುತ್ತದೆ. ತೂಕವಿಲ್ಲದಾಗ ಕಾಲಿನ ನೀರು ರಕ್ತ ಎಲ್ಲ ಮೇಲಕ್ಕೆ ಸರಿದು ಮುಖ ಊದುತ್ತದೆ. ನೀರು ಜಾಸ್ತಿಯಾಯಿತೆಂದು ಶರೀರ ತಿಳಿದು ರಕ್ತದ ನೀರಿನಂಶವನ್ನು ಇಳಿಸಿಬಿಡುತ್ತದೆ. ಮೇಲೆ ಇರುವ ತನಕ ಅದು ಸರಿಯೇ. ಇಳಿದು ಎದ್ದು ನಿಂತಾಗ ಉಳಿದಷ್ಟು ರಕ್ತವೂ ಕಾಲಿಗೆ ಇಳಿಯುತ್ತದೆ, ತಲೆಗೆ ಸಾಲುವುದಿಲ್ಲ. ಪ್ರಯಾಣಿಕರನ್ನು ಹೊರತೆಗೆದು ಕುರ್ಚಿಯಲ್ಲಿ ಹೊತ್ತೊಯ್ಯುವುದನ್ನು ಟಿವಿಯಲ್ಲಿ ನೋಡಿರುತ್ತೀರಿ. ಸತ್ಕಾರವಲ್ಲ, ಬವಳಿಗೆ ಮುನ್ನೆಚ್ಚರಿಕೆ. ಹೊಟ್ಟೆ, ತೊಡೆ, ಮೀನಖಂಡ ಒತ್ತಿಹಿಡಿಯುವ ಬಿಗಿ ಉಡುಪನ್ನೂ ಇಳಿಯುವ ಮೊದಲೇ ತೊಡುತ್ತಾರೆ.

ಮರುಪ್ರಶ್ನೆ, ವಿಜಯಪುರದಿಂದ:

ಇಬ್ಬರಿಗೂ ಶರಣು. ನಾಲ್ಕೂ ವಾಕ್ಯ ತಿದ್ದಿದೆ. ಬವಳಿ ಮೊದಲ ಸಲ ಬಂದಲ್ಲಿ “ನಿಂತಲ್ಲೇ ಎಚ್ಚರ ತಪ್ಪುವಂತಾಗುವುದು” ಎಂದು ಸೇರಿಸಿದರೆ ಎಲ್ಲ ಕಡೆಯ ಮಕ್ಕಳಿಗೂ ನಡೆಯುತ್ತದೆ. ಬವಳಿಯ ಮುಂದಿನ ಸಾಲು ಹೀಗಿದೆ: “ಇದನ್ನು ತಡೆಯಲು ಇಳಿಯುವ ಮೊದಲು ಸಾಕಷ್ಟು ನೀರು ಕುಡಿಯುತ್ತಾರೆ.” ಇದು ಹೀಗೇ ಇರಲಿಯೇ?

ಉತ್ತರ, ಬೆಳಗಾವಿಯಿಂದ:

ಬೇಡ್ರೀ, ಅದರಲ್ಲಿ ಉಪ್ಪು ಬಿಟ್ಟುಹೋಗಿದೆ. ಬರೀ ನೀರು ಕುಡಿದರೆ ಮೂತ್ರವಾಗಿ ಹೋಗುತ್ತದೆ, ರಕ್ತದಲ್ಲಿ ನಿಲ್ಲುವುದಿಲ್ಲ. ಅಮೆರಿಕದ ಸ್ಪೇಸ್ ಷಟಲ್ ನೌಕೆಗಳ ಕಾಲದ ಅಳತೆ ಒಂದು ಗ್ರಾಮಿನ 8 ಉಪ್ಪಿನ ಗುಳಿಗೆ, ಸುಮಾರು 900 ಮಿಲಿಲೀಟರ್ ನೀರು. ಲೆಕ್ಕ ಹಾಕಿ, ಶೇ 0.9ರ ಹತ್ತಿರ ಬರುತ್ತದೆ, ಆಸ್ಪತ್ರೆಯ ಸಲೈನ್ ಬಾಟಲಿಯ ಹದವೇ. ನೀರು ಕಡಿಮೆ ಮಾಡಿ ಉಪ್ಪು ಹೆಚ್ಚಿಸಿದರೆ ಕರುಳು ನೀರನ್ನು ಎಳೆದುಕೊಂಡು ಭೇದಿಯಾಗುತ್ತದೆ, ಹೊಟ್ಟೆ ತೊಳಸುತ್ತದೆ. ತೀರಾ ಮೊದಲೇ ಕುಡಿದರೂ ಉಪಯೋಗವಿಲ್ಲ, ಕಕ್ಷೆ ಬಿಡುವ ಹೊತ್ತಿಗೆ ಒಂದೆರಡು ಗಂಟೆ ಮುಂಚೆ ಶುರುಮಾಡಬೇಕು. ಇಳಿಯುವುದು ಮುಂದಕ್ಕೆ ಹೋದರೆ ಮತ್ತೆ ಕುಡಿಯಬೇಕು. “ಉಪ್ಪಿನ ಗುಳಿಗೆ ನುಂಗಿ ನೀರು ಕುಡಿಯುತ್ತಾರೆ” ಎಂದು ಬರೆಯಿರಿ. “ಉಪ್ಪುನೀರು” ಎಂದರೆ ಮಕ್ಕಳು ಸಮುದ್ರದ ನೀರು ಅಂದುಕೊಂಡಾರು, ಅದರಲ್ಲಿ ಉಪ್ಪು ಇದರ ಮೂರು ಪಟ್ಟಿಗೂ ಹೆಚ್ಚು.