ಬ್ಲೆಂಡರ್: ವರ್ಷ ಬದಲಾದಂಗ ಎಲ್ಲಾ ಗಿಡದ ರೂಪಾನೂ ಬದಲಾಗತೈತಿ, ಯಾಕ?

ಬಯಲುಸೀಮೆ, ಗದಗ:
ಕಪ್ಪತಗುಡ್ಡದ ಒಂದು ಇಳಿಜಾರಿನ ಕಾಡು 40 ವರ್ಷದಾಗ ಹೆಂಗ ಬೆಳೀಬಹುದು ಅಂತ ಬ್ಲೆಂಡರ್ ಅನ್ನೋ ತ್ರೀಡಿ ಸಾಫ್ಟ್‌ವೇರ್‌ದಾಗ ಅನಿಮೇಷನ್ ಮಾಡಾಕತ್ತೀನ್ರಿ. ಬೆಳವಣಿಗಿ ಲೆಕ್ಕ ಎಲ್ಲಾ ಪೈಥಾನ್ ಪ್ರೋಗ್ರಾಂದಾಗ. ವರ್ಷಕ್ಕೊಂದು ಸಿಎಸ್‌ವಿ (ಪಟ್ಟಿ ರೂಪದ ಫೈಲ್), ಸಾಲಿಗೊಂದು ಗಿಡ: ಜಾಗ, ಎತ್ತರ, ಸುತ್ತಳತೆ. ಅದನ್ನ ಬ್ಲೆಂಡರ್‌ನ ಜಿಯೋಮೆಟ್ರಿ ನೋಡ್ಸ್‌ಗೆ (ನೋಡ್ ಅನ್ನೋ ಡಬ್ಬಿ ಜೋಡಿಸಿ ಆಕಾರ ಮಾಡೋ ಭಾಗ) ಬಿಂದುಗಳಾಗಿ ತಂದು, ಬಿಂದುವಿಗೊಂದು ಗಿಡ ಇಡತೀನಿ. 12ನೇ ವರ್ಷದ ತನಕ ಚೊಲೊ ಐತಿ. ಆಮ್ಯಾಲೆ ಎಡಕ್ಕ ವಾಲಿದ್ದ ದಿಂಡಲ ಗಿಡ ಒಮ್ಮೆಲೆ ಬಲಕ್ಕ ವಾಲತೈತಿ, ಟೊಂಗಿ ಬ್ಯಾರೆ, ಆಕಾರಾನೂ ಬ್ಯಾರೆ. ಕ್ಯಾಮೆರಾ ಸಸಿಗಳ ಹತ್ರ ಒಯ್ದ್ರ ಎಲ್ಲಾ ಗಡಗಡ ನಡಗತಾವ.

ಮಳೆನಾಡಂಚು, ಧಾರವಾಡ:
13ನೇ ವರ್ಷದಾಗ ನಿಮ್ಮ ಪೈಥಾನ್ ಲೆಕ್ಕ ಯಾವುದರೆ ಗಿಡ ಸಾಯಿಸತೈತೇನು?

ಬಯಲುಸೀಮೆ:
ಹೌದ್ರಿ, ಮೊದಲನೇ ಸಾವು ಅಲ್ಲೇ. ಆ ಸಾಲು ತಗದ ಹಾಕತೀನಿ.

ಮಳೆನಾಡಂಚು:
ಹಂಗಾದ್ರ ಸಿಕ್ತು ನೋಡ್ರಿ. ಬಿಂದುಗಳಿಗೆ ಐಡಿ (ಗುರುತಿನ ನಂಬರ್) ಇಲ್ಲದಿದ್ರ ಬ್ಲೆಂಡರ್ ಸಾಲಿನ ಕ್ರಮಾಂಕನ ಹಿಡೀತೈತಿ. ನಡುವಿನ ಸಾಲು ಹೋದ್ರ ಕೆಳಗಿನವೆಲ್ಲಾ ಒಂದೊಂದು ಮ್ಯಾಲೆ ಸರೀತಾವ. ಯಾದೃಚ್ಛಿಕ ತಿರುವು, ಯಾವ ಗಿಡದ ಮಾಡೆಲ್ ಅನ್ನೋ ಆಯ್ಕೆ, ಎರಡೂ ಆ ಕ್ರಮಾಂಕದ ಮ್ಯಾಲೇ ನಿಂತಾವ. ಒಂದ ಗಿಡ ಸತ್ರ ಅದರ ಕೆಳಗಿನ ಕಾಡೆಲ್ಲಾ ಬದಲು.

ಪ್ರತಿ ಗಿಡಕ್ಕ ಹುಟ್ಟಿದಾಗಿಂದ ಸಾಯೋತನಕ ಒಂದೇ ನಂಬರ್ ಕೊಡ್ರಿ. ಸತ್ತ ಗಿಡದ ನಂಬರ್ ಹೊಸ ಸಸಿಗೆ ಮತ್ತ ಕೊಡಬ್ಯಾಡ್ರಿ. ಅದನ್ನ ನೇಮ್ಡ್ ಆಟ್ರಿಬ್ಯೂಟ್ ನೋಡ್‌ದಿಂದ ಓದಿ ಸೆಟ್ ಐಡಿ ನೋಡ್‌ಗೆ ಜೋಡಿಸ್ರಿ, ಬಿಂದುಗಳ ಮ್ಯಾಲೆ ಗಿಡ ಇಡೋ ಇನ್‌ಸ್ಟನ್ಸ್ ಆನ್ ಪಾಯಿಂಟ್ಸ್ ನೋಡ್‌ಗಿಂತ ಮೊದಲ. ಯಾದೃಚ್ಛಿಕ ಅಂಕಿ ಕೊಡೋ ರ‍್ಯಾಂಡಮ್ ವ್ಯಾಲ್ಯೂ ನೋಡ್‌ದ ಐಡಿ ಸಾಕೆಟ್‌ಗೆ ಇಂಡೆಕ್ಸ್ (ಸಾಲಿನ ಕ್ರಮಾಂಕ) ಹಚ್ಚಿದ್ರ ಕಿತ್ತ ಹಾಕ್ರಿ. ಖಾಲಿ ಇದ್ರ ತಾನ ಐಡಿ ತಗೋತೈತಿ.

ನಡಗೋದು ಬ್ಯಾರೆ ರೋಗ. ಯುಟಿಎಂ (ಜಾಗಾನ ಮೀಟರ್‌ದಾಗ ಹೇಳೋ ನಕ್ಷೆ ಪದ್ಧತಿ) 43 ಉತ್ತರ ವಲಯದ ನಿರ್ದೇಶಾಂಕ ಹಂಗ ಹಾಕೀರಿ ಅನಸತೈತಿ?

ಬಯಲುಸೀಮೆ:
ಹೌದು, ಕ್ಯೂಜಿಐಎಸ್ ನಕ್ಷೆ ಸಾಫ್ಟ್‌ವೇರ್‌ದಾಗಿಂದ ಹಂಗ ತಂದೀನಿ.

ಮಳೆನಾಡಂಚು:
ನಮ್ಮ ಕಡೆ ಉತ್ತರದ ಅಂಕಿ 16 ಲಕ್ಷ ಮೀಟರ್ ದಾಟತೈತಿ. ಬ್ಲೆಂಡರ್ ಸ್ಥಾನ ಇಡೋದು 32 ಬಿಟ್ ಫ್ಲೋಟ್‌ದಾಗ, ಅಂಕಿ ದೊಡ್ಡದಾದಂಗ ನಿಖರತೆ ಕಡಿಮಿ ಆಗೋ ದಶಮಾಂಶ ರೂಪ ಅದು. ಅಷ್ಟು ದೊಡ್ಡ ಅಂಕಿಗೆ ಅದರ ಅತಿ ಸಣ್ಣ ಹೆಜ್ಜೆ 12.5 ಸೆಂಟಿಮೀಟರ್. ಎರಡು ಹೆಜ್ಜೆ ನಡುವ ನಿಲ್ಲಾಕ ಸಸಿಗೂ ಕ್ಯಾಮೆರಾಕ್ಕೂ ಜಾಗಾನ ಇಲ್ಲ, ಅದಕ್ಕ ನಡಗತಾವ. ಗುಡ್ಡದ ಒಂದು ಮೂಲಿ ಸೊನ್ನೆ ಅಂತ ಹಿಡದು, ಪೈಥಾನ್‌ದಾಗ ಇದ್ದಾಗಲೇ ಆ ಮೂಲಿ ಅಂಕಿನ ಎಲ್ಲಾ ಗಿಡದ ಅಂಕಿಯಿಂದ ಕಳದು ತರ್ರಿ. ನೆಲದ ಮಾಡೆಲ್‌ಗೂ ಅದ ಮೂಲ ಇರಲಿ.

ಬಯಲುಸೀಮೆ:
ಎರಡೂ ಸರಿ ಆದವು, ಭಾಳ ಉಪಕಾರ ಆತ್ರಿ! ಎತ್ತರ ಹೆಚ್ಚಿಸಾಕ ಸದ್ಯ ಗಿಡ ಇಡಿಯಾಗಿ ಸ್ಕೇಲ್ ಮಾಡತೀನಿ. ನಡೀತೈತೇನು?

ಮಳೆನಾಡಂಚು:
ದೂರದ ಶಾಟ್‌ಗೆ ನಡೀತೈತಿ. ಹತ್ರದಾಗ ಎಲಿನೂ ದೊಡ್ಡದಾಗಿ, ಸಸಿ ಅನ್ನೋದು ಕುಳ್ಳ ಮುದಿ ಮರದಂಗ ಕಾಣತೈತಿ. ಸಸಿ, ಎಳೇ ಗಿಡ, ಬಲಿತ ಮರ ಅಂತ ಬ್ಯಾರೆ ಬ್ಯಾರೆ ಮಾಡೆಲ್ ಮಾಡಿ, ಎತ್ತರದ ಪ್ರಕಾರ ಬದಲಿಸ್ರಿ. ಎತ್ತರ ನಿಧಾನ ಆದ ಮ್ಯಾಲೂ ಬೊಡ್ಡಿ ದಪ್ಪ ಆಗಕೋತ ಹೋಗತೈತಿ, ಹಂಗಾಗಿ ಸುತ್ತಳತೆ ಬ್ಯಾರೆನ ಇಡ್ರಿ. ನೆಟ್‌ದಾಗ ಸಿಗೋ ಸೊಂಪಾದ ಮಾಡೆಲ್ ಮಾತ್ರ ಹಾಕಬ್ಯಾಡ್ರಿ. ಕಪ್ಪತಗುಡ್ಡದ ಒಣ ಇಳಿಜಾರು ದಾಂಡೇಲಿ ಕಾಡಿನಂಗ ಕಂಡ್ರ ಅಷ್ಟೆಲ್ಲಾ ಲೆಕ್ಕ ಮಾಡಿದ್ದು ಯಾರಿಗೂ ಕಾಣಂಗಿಲ್ಲ.