‘ಕೈ ನಡುಗುವುದು’ ಅಂತಲೇ ಬರೆಯಿರಿ

ಪಾರ್ಕಿನ್ಸನ್ ಅನ್ನುವ ನರಗಳ ಕಾಯಿಲೆಯ ಬಗ್ಗೆ ಕನ್ನಡದ ಕರಪತ್ರ ಶನಿವಾರ ಅಚ್ಚಿಗೆ ಹೋಗಬೇಕು, ಕೈ ತಾನಾಗಿ ಆಡುವುದಕ್ಕೆ ಒಂದು ಪದ ಬೇಕು ಅಂತ ಕೇಳಿದವರಿಗೆ ಮೊದಲು ಉತ್ತರ. ‘ಕೈ ನಡುಗುವುದು’ ಅಂತ ಬರೆಯಿರಿ. ಕಂಪನ ಬೇಡ, ಅದುರುವಾಯು ಬೇಡ, ಥರಥರಿಕೆ ಅಂತೂ ಬೇಡವೇ ಬೇಡ. ಅವಸರ ಇದ್ದರೆ ಇಷ್ಟು ಓದಿದರೆ ಸಾಕು. ಉಳಿದದ್ದು ಎರಡು ದಿನದಿಂದ ಇಲ್ಲಿ ಈ ಪದಗಳ ಬಗ್ಗೆ ಜಗಳ ಆಡುತ್ತಿರುವವರಿಗೆ.

ನಿಮ್ಮ ಕರಪತ್ರದ ಮೂಲ ಮರಾಠಿಯಲ್ಲಿದೆ, ಅಲ್ವಾ? ಅದರಲ್ಲಿ ‘ಹಾತ್ ಥರಥರಣೆ’ ಅಂತ ಇದೆ. ಮರಾಠಿಯಲ್ಲಿ ಅದು ಸರಿ, ವಯಸ್ಸಾಗಿ ಕೈ ನಡುಗಿದರೂ ಅವರು ಹಾಗೇ ಅನ್ನುತ್ತಾರೆ. ಕನ್ನಡದ ಮಾತಿನಲ್ಲಿ ಥರಥರ ಸಾಮಾನ್ಯವಾಗಿ ಒಂಟಿಯಾಗಿ ನಿಲ್ಲುವುದಿಲ್ಲ. ಅದರ ಬೆನ್ನಿಗೇ ‘ನಡುಗು’ ಬರಬೇಕು, ಬಂದ ಕೂಡಲೇ ಓದುವವರಿಗೆ ಕಾಣುವುದು ಹೆದರಿಕೆ. ಪೊಲೀಸರನ್ನು ಕಂಡು ಥರಥರ ನಡುಗಿದ ಅನ್ನುತ್ತೇವೆ. ಚಳಿಗಾದರೆ ಗಡಗಡ. ಮುಂಬೈಯಲ್ಲಿ ವರ್ಷಗಟ್ಟಲೆ ಇದ್ದವರ ಕಿವಿಯಲ್ಲಿ ಎರಡೂ ಭಾಷೆ ಬೆರೆತು ಹೋಗಿರುತ್ತವೆ, ಆದ್ದರಿಂದ ಈ ಥರದ ವ್ಯತ್ಯಾಸ ತಪ್ಪಿಸಿಕೊಂಡು ಬಿಡುತ್ತದೆ. ಮರಾಠಿ ಪೇಪರಿನಲ್ಲಿ ‘ಮುಂಬಯಿ ಹಾದರಲೀ’ ಅಂತ ದಪ್ಪ ಅಕ್ಷರದಲ್ಲಿ ಬರುತ್ತದೆ. ಊರು ನಡುಗಿತು ಅಂತ ಅರ್ಥ. ಊರಿಂದ ಹೊಸದಾಗಿ ಬಂದಿದ್ದ ನಮ್ಮ ಅತ್ತಿಗೆ ಅದನ್ನು ನಮ್ಮ ‘ಹಾದರ’ ಅಂದುಕೊಂಡು, ಮಕ್ಕಳ ಕಣ್ಣಿಗೆ ಬೀಳದಿರಲಿ ಅಂತ ಪೇಪರ್ ಮಡಚಿ ಇಟ್ಟಿದ್ದರು. ಒಂದೇ ಸದ್ದು ಅಂತ ಪದವನ್ನು ಹಾಗೇ ಎತ್ತಿಕೊಂಡು ಬಂದರೆ ಹೀಗಾಗುತ್ತದೆ.

ಈಗ ಅದುರು ಮತ್ತು ನಡುಗು. ಇವೆರಡೂ ಒಂದೇ, ಯಾವುದು ಹಾಕಿದರೂ ನಡೆಯುತ್ತದೆ ಅಂತ ಒಬ್ಬರು ಬರೆದಿದ್ದಾರೆ. ನಡೆಯುವುದಿಲ್ಲ. ನಮ್ಮ ಮನೆ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ರೈಲು ಹಳಿಗೆ ಹತ್ತಿರ. ಫಾಸ್ಟ್ ಲೋಕಲ್ ಹೋದಾಗಲೆಲ್ಲ ಕಿಟಕಿ ಗಾಜು ಅದುರುತ್ತದೆ. ನಡುಗುತ್ತದೆ ಅಂತ ಮನೆಯಲ್ಲಿ ಯಾರೂ ಅಂದಿಲ್ಲ. 1967ರ ಡಿಸೆಂಬರ್ 11ರ ನಸುಕಿನಲ್ಲಿ ಮಹಾರಾಷ್ಟ್ರದ ಕೊಯ್ನಾದಲ್ಲಿ ಭೂಕಂಪ ಆದಾಗ ಅದು ಮುಂಬೈವರೆಗೂ ಗೊತ್ತಾಗಿತ್ತು. ಅಮ್ಮ ಆಗ ಮುಂಬೈಯ ಪರೇಲಿನ ಚಾಳಿನಲ್ಲಿದ್ದರು. ಅವರು ಇವತ್ತಿಗೂ ಹೇಳುವುದು ಹೀಗೆ: “ಹಲಗೆ ಮೇಲಿನ ಪಾತ್ರೆ ಎಲ್ಲ ಅದುರಿದವು, ನಾವು ನಡುಗಿಹೋದೆವು.” ಪಾತ್ರೆಗೆ ಒಂದು ಪದ, ಜನಕ್ಕೆ ಒಂದು. ಯಾರೂ ಅವರಿಗೆ ವ್ಯಾಕರಣ ಹೇಳಿಕೊಟ್ಟಿರಲಿಲ್ಲ.

ಹಾಗಾದರೆ ಕಣ್ಣು ಅದುರುತ್ತದಲ್ಲ, ತುಟಿ ಅದುರುತ್ತದಲ್ಲ, ಅವಕ್ಕೆ ಜೀವ ಇಲ್ಲವಾ ಅಂತ ಕೇಳಬಹುದು. ಇದೆ. ಆದರೆ ಅಲ್ಲಿ ಅಲುಗುವುದು ಒಂದು ಚೂರು ಜಾಗ, ಬೇಗ ಬೇಗ, ನಮ್ಮನ್ನು ಕೇಳದೆ. ಅದಕ್ಕೇ ಎಡಗಣ್ಣು ಅದುರಿದರೆ ಶಕುನ ನೋಡುತ್ತಾರೆ. ನಡುಗುವುದು ಹಾಗಲ್ಲ. ಅದರ ಹಿಂದೆ ಚಳಿಯೋ ಜ್ವರವೋ ಭಯವೋ ಮುಪ್ಪೋ ಇರುತ್ತದೆ, ಇಡೀ ಮನುಷ್ಯ ಅದರಲ್ಲಿ ಇರುತ್ತಾನೆ. ಧ್ವನಿ ನಡುಗಿತು ಅನ್ನುತ್ತೇವೆ, ಧ್ವನಿ ಅದುರಿತು ಅನ್ನುವುದಿಲ್ಲ. ಉಳಿದವಕ್ಕೆಲ್ಲ ಅವುಗಳದೇ ಪದ ಇವೆ. ಎಲೆ ಅಲುಗುತ್ತದೆ, ಹಲ್ಲು ಅಲ್ಲಾಡುತ್ತದೆ, ಔಷಧಿ ಬಾಟಲಿ ಕುಲುಕುತ್ತೇವೆ, ಕಂಬಳಿ ಕೊಡಹುತ್ತೇವೆ.

ಕಂಪನ ಯಾಕೆ ಬೇಡ ಅಂತ ಹೇಳುತ್ತೇನೆ. ನಮ್ಮ ಅಪ್ಪ ಮೂವತ್ತು ವರ್ಷ ಮಾಟುಂಗಾದ ಹೋಟೆಲಿನ ಗಲ್ಲಾದಲ್ಲಿ ಕೂತವರು. ಟಿವಿ ನೋಡುತ್ತಾ ಸುಮ್ನೆ ಕೂತಾಗ ಅವರ ಬಲಗೈ ತೊಡೆಯ ಮೇಲೆ ತಾನಾಗಿ ಆಡುತ್ತಿತ್ತು. ಹೆಬ್ಬೆರಳು ತೋರುಬೆರಳಿಗೆ ಉಜ್ಜುತ್ತಿತ್ತು, ನೋಟು ಎಣಿಸಿದ ಹಾಗೆ. ಚಹಾ ಲೋಟಕ್ಕೆ ಕೈ ಚಾಚಿದರೆ ನಿಂತು ಬಿಡುತ್ತಿತ್ತು. ಹಳೇ ಅಭ್ಯಾಸ ಅಂತ ನಾವೂ ಬಿಟ್ಟಿದ್ದೆವು. ಕೊನೆಗೆ ಡಾಕ್ಟರ ಹತ್ತಿರ ಹೋದಾಗ ಅವರು, ಕನ್ನಡದವರೇ, “ಕಂಪನ ಯಾವಾಗಿಂದ ಇದೆ?” ಅಂತ ಕೇಳಿದರು. ಅಪ್ಪ ಮಾತಾಡಲಿಲ್ಲ. “ಕೈ ನಡುಗೋದು, ಅಪ್ಪ” ಅಂದೆ. “ಎರಡು ವರ್ಷ ಆಯ್ತು” ಅಂದರು. ಎರಡು ವರ್ಷ! ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನಿಮ್ಮ ಕರಪತ್ರ ಓದುವವರು ಇಂಥವರು. ಅವರ ಬಾಯಲ್ಲಿ ಇರುವ ಪದ ಹಾಳೆಯ ಮೇಲೆ ಕಾಣದಿದ್ದರೆ, ಇದು ನನ್ನ ವಿಷಯ ಅಂತ ಅವರಿಗೆ ಅನಿಸುವುದೇ ಇಲ್ಲ.

ಪಾರ್ಕಿನ್ಸನ್ ಕಾಯಿಲೆಗೆ ‘ಅದುರುವಾಯು’ ಅಂತ ಹೆಸರು ಕಟ್ಟಿದವರ ಕನ್ನಡದ ಪ್ರೀತಿ ನನಗೆ ಅರ್ಥ ಆಗುತ್ತದೆ. ಪದ ಮಾತ್ರ ತಪ್ಪು ದಾರಿಗೆ ಎಳೆಯುತ್ತದೆ. ಪಾರ್ಕಿನ್ಸನ್ ಕಾಯಿಲೆ ಇರುವ ಎಲ್ಲರಿಗೂ ಕೈ ನಡುಗುವುದಿಲ್ಲ. ಕೆಲವರಿಗೆ ಮೈ ಬಿಗಿಯುತ್ತದೆ, ನಡಿಗೆ ನಿಧಾನ ಆಗುತ್ತದೆ, ಅಷ್ಟೇ. ನನ್ನ ಕೈ ಅದುರುವುದಿಲ್ಲವಲ್ಲ, ನನಗಿಲ್ಲ ಅಂತ ಅವರು ಹಾಳೆ ಮಡಚಿಡುತ್ತಾರೆ. ಜೇಮ್ಸ್ ಪಾರ್ಕಿನ್ಸನ್ ಲಂಡನ್ನಿನಲ್ಲಿ 1817ರಲ್ಲಿ ಇದರ ಬಗ್ಗೆ ಬರೆದಾಗ ‘ನಡುಗುವ ಲಕ್ವ’ ಅನ್ನುವ ಅರ್ಥದ ಹೆಸರನ್ನೇ ಇಟ್ಟಿದ್ದ. ಆಮೇಲೆ ಆ ಹೆಸರು ಹಿಂದೆ ಸರಿದು ಆತನ ಹೆಸರೇ ಉಳಿಯಿತು. ಕಾಯಿಲೆಗೆ ಪಾರ್ಕಿನ್ಸನ್ ಅಂತಲೇ ಇರಲಿ.

‘ನಡು’ ಅಂದರೆ ಸೊಂಟ, ಸೊಂಟ ಅಲುಗಿದರೆ ನಡುಗು ಅಂತ ಬರೆದವರಿಗೆ: ಅಲ್ಲ. ಬರೋ ಮತ್ತು ಎಮೆನೋ ಅವರ ದ್ರಾವಿಡ ಪದಕೋಶದಲ್ಲಿ ಎರಡೂ ಬೇರೆ ಬೇರೆ ಪದಗಳಾಗಿಯೇ ಇವೆ. ನಡುಗಿನ ನಂಟು ತಮಿಳಿನ ‘ನಡುಂಗು’ ಜೊತೆ. ಮರಾಠಿಯ ‘ಹಲಣೆ’ ನಮ್ಮ ‘ಅಲುಗು’ವಿನಿಂದ ಹೋದದ್ದು ಅನ್ನುವುದೂ ತಪ್ಪು. ಪ್ರಾಕೃತದಲ್ಲಿ ‘ಹಲ್ಲಇ’ ಇದೆ, ಅದಕ್ಕೆ ನಮ್ಮ ಬಾಗಿಲು ಬಡಿಯಬೇಕಾಗಿಲ್ಲ. ಅದುರಿಗೂ ನಂಟರು ನಿಜಕ್ಕೂ ಇದ್ದಾರೆ. ತಮಿಳಿನಲ್ಲಿ ‘ಅದಿರ್’, ತೆಲುಗಿನಲ್ಲೂ ‘ಅದುರು’. ಹೆಮ್ಮೆ ಪಡುವುದಿದ್ದರೆ ಅಲ್ಲಿ ಪಡಿ.

ಸಂಸ್ಕೃತದ ಪದ ಅನ್ನುವ ಒಂದೇ ಕಾರಣಕ್ಕೆ ನಾನು ಕಂಪನ ತಳ್ಳುತ್ತಿಲ್ಲ. ಭೂಕಂಪ ನನಗೆ ಬೇಕು. 1993ರ ಭೂಕಂಪದಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಊರು ನೆಲಸಮ ಆದಾಗ ಲಾತೂರ್ ಕಡೆಯ ಕನ್ನಡದವರೂ ಮರಾಠಿಯವರೂ ಆ ಒಂದೇ ಪದ ಹೇಳಿಕೊಂಡು ಅತ್ತರು. ಅದನ್ನು ಈಗ ಬಿಟ್ಟು ‘ನೆಲನಡುಕ’ ಅನ್ನಿ ಅಂದರೆ ಯಾರಿಗೆ ಲಾಭ? ತಮಿಳಿನಲ್ಲಿ ‘ನಿಲನಡುಕ್ಕಂ’ ದಿನದ ಮಾತು, ಅವರಿಗೆ ಅದು ಸಹಜ. ನಮ್ಮಲ್ಲಿ ಭೂಕಂಪ ಅಜ್ಜಿಯ ಬಾಯಲ್ಲೂ ಇದೆ, ಕಂಪನ ಇಲ್ಲ. ನನ್ನ ಅಳತೆ ಅಷ್ಟೇ.

ಕೇಳಿದವರಿಗೆ ಇನ್ನೊಂದು ಮಾತು. ತಲೆಬರಹಕ್ಕೆ ‘ನಡುಕ’ ಅಂತ ಒಂದೇ ಪದ ಹಾಕಬೇಡಿ. ವೈರಿಗಳಲ್ಲಿ ನಡುಕ ಹುಟ್ಟಿಸಿದ ಅನ್ನುವಂಥ ಮಾತಿನಿಂದ ಅದಕ್ಕೆ ಹೆದರಿಕೆ ಅಂಟಿಕೊಂಡಿದೆ. ಮುಂದೆ ‘ಕೈ’ ಬಂದರೆ ಆ ಹೆದರಿಕೆ ಕಳಚುತ್ತದೆ. ಒಳಗೆ ಎರಡು ಸಾಲು ಬೇರೆ ಬೇರೆ ಬರಲಿ: “ಸುಮ್ನೆ ಕೂತಾಗ ಕೈ ನಡುಗುತ್ತದೆಯೇ?”, “ಲೋಟ ಎತ್ತುವಾಗ ಕೈ ನಡುಗುತ್ತದೆಯೇ?” ಇವೆರಡಕ್ಕೆ ಕಾರಣ ಬೇರೆ ಇರಬಹುದು, ಡಾಕ್ಟರು ಮೊದಲು ಕೇಳುವುದೂ ಇದನ್ನೇ. ಅಕ್ಷರ ದೊಡ್ಡದಾಗಿ ಹಾಕಿಸಿ, ಹಾಳೆ ದಪ್ಪ ಇರಲಿ. ತೆಳು ಹಾಳೆ ಆ ಕೈಯಲ್ಲಿ ನಿಲ್ಲುವುದಿಲ್ಲ.